ಕೈಗೆ ಗಾಯ ಮಾಡಿಕೊಳ್ಳುವ ವಿಷಯ ಹೇಳಿದರೆ, ಕಾಸರಗೋಡು ಕಡೆಯ ಬದಿಯಡ್ಕದ ನಮ್ಮ ಪರಿಚಯದ ಡಾಕ್ಟರ್ ಅಪ್ಪನಿಗೆ ಹೇಳಿಬಿಡ್ತಾರಾ?

ನಿಮಗೆ 18 ದಾಟಿದ್ದರೆ, ಸಾಮಾನ್ಯವಾಗಿ ಹೇಳುವ ಹಾಗಿಲ್ಲ. ಡಾಕ್ಟರಿಗೆ ಅಪ್ಪನ ಜೊತೆ ಎಷ್ಟೇ ಸಲಿಗೆ ಇದ್ದರೂ ಅಷ್ಟೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಮಾತು ಗುಟ್ಟಾಗಿರಬೇಕು. ಕೇಂದ್ರದ ಕಾನೂನು, ಕಾಸರಗೋಡಿಗೂ ಮಂಗಳೂರಿಗೂ ಒಂದೇ.

ಆದರೆ ಜೀವಕ್ಕೇ ಅಪಾಯ ಕಂಡರೆ, ಅದನ್ನು ತಪ್ಪಿಸಲು ಬೇಕಾದಷ್ಟನ್ನು ಡಾಕ್ಟರ್ ಹೇಳಬಹುದು. ಅದಕ್ಕೇ "ಸಾಯಬೇಕು ಅನಿಸುತ್ತದಾ?" ಎಂದು ನೇರವಾಗಿ ಕೇಳುತ್ತಾರೆ. ಗಾಬರಿಯಾಗಬೇಡಿ. ಸಂಕಟ ತಡೆಯಲಾಗದೆ ಗಾಯ ಮಾಡಿಕೊಳ್ಳುವವರೆಲ್ಲ ಸಾಯಲು ಹೊರಟವರಲ್ಲ, ಅದು ಡಾಕ್ಟರಿಗೂ ಗೊತ್ತು. ಇದ್ದದ್ದನ್ನು ಹೇಳಿದರೆ ಅವರ ಅಂದಾಜು ಸರಿಯಾಗುತ್ತದೆ. 18ರೊಳಗಿನವರಾದರೆ ಚಿಕಿತ್ಸೆಯ ತೀರ್ಮಾನದಲ್ಲಿ ಅಪ್ಪ ಅಮ್ಮ ಇರುತ್ತಾರೆ, ಹಾಗಾಗಿ ಪೂರ್ತಿ ಗುಟ್ಟು ಕಷ್ಟ.

ನನ್ನ ಪ್ರಕಾರ ನಮ್ಮ ಕಡೆ ಗುಟ್ಟು ಜಾಸ್ತಿ ಸೋರುವುದು ಡಾಕ್ಟರಿಂದಲ್ಲ, ಅರ್ಧ ತೆರೆದ ಬಾಗಿಲಿಂದ. ಇಲ್ಲವೇ ಮಲಯಾಳ ಬಾರದೆಂದು ಜೊತೆಗೆ ಕರೆದುಕೊಂಡು ಹೋದ ಚಿಕ್ಕಪ್ಪನ ಮಗನಿಂದ! ಒಬ್ಬರೇ ಹೋಗಿ. "ಬಾಗಿಲು ಹಾಕಬಹುದಾ? ನಾನು ಹೇಳಿದ್ದು ಮನೆಗೆ ಹೋಗುತ್ತದಾ?" ಎಂದು ಮೊದಲೇ ಕೇಳಿ. ಹೇಳಲು ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ಆದರೂ ಮುಜುಗರ ಅಂದರೆ ಬೇರೆ ಊರಿನ ಡಾಕ್ಟರನ್ನು ನೋಡಿ, ಅದರಲ್ಲಿ ತಪ್ಪೇನಿಲ್ಲ.

ಸಾಯುವ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.