ಬಗ್ಗಿಸಿದರೆ ರೀಡಿಂಗ್ ಜಿಗಿಯುವುದು ಏಕೆ?
ಸಿಲಿಕೋನ್ ಹಾಳೆಗೆ ಪ್ಲಾಟಿನಂ ಪಾರ್ಫಿರಿನ್ (ಎಲ್‌ಇಡಿ ಬೆಳಕು ಬಿದ್ದರೆ ಕೆಂಪಗೆ ಹೊಳೆಯುವ ಬಣ್ಣ) ಬೆರೆಸಿ ಮಾಡಿದ ಆಮ್ಲಜನಕ ಸೆನ್ಸರ್ ಮಣಿಕಟ್ಟಿಗೆ ಸುತ್ತಿದ ಕೂಡಲೇ ರೀಡಿಂಗ್ ಜಿಗಿಯುತ್ತದೆ ಅಂತ ಮಣಿಪಾಲದಿಂದ ಕೇಳಿದ್ದೀರಿ. ಬಣ್ಣದ ತಪ್ಪಲ್ಲ ಅದು. ನೀವು ಅಳೆಯುತ್ತಿರುವುದು ಹೊಳಪನ್ನು; ಹಾಳೆ ಬಾಗಿದರೆ ಡಿಟೆಕ್ಟರ್ ಮೇಲೆ ಬೀಳುವ ಬೆಳಕೇ ಬದಲಾಗುತ್ತದೆ. ಹೊಳಪು ಬಿಡಿ, ಎಲ್‌ಇಡಿ ಆರಿದ ಮೇಲೆ ಆ ಕೆಂಪು ಬೆಳಕು ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಆಮ್ಲಜನಕ ಹೆಚ್ಚಿದಷ್ಟೂ ಬೇಗ ಆರುತ್ತದೆ, ಎಲ್ಲಾ ಮೈಕ್ರೋಸೆಕೆಂಡುಗಳ ಲೆಕ್ಕ. ಬಾಗಿದರೂ ಈ ಸಮಯ ಅಷ್ಟಾಗಿ ಕದಲುವುದಿಲ್ಲ.

ಇನ್ನೊಂದು ನಮ್ಮ ಕರಾವಳಿಯದ್ದೇ ಸಮಸ್ಯೆ. ಆಟಿ ತಿಂಗಳ ಮಳೆಯಲ್ಲಿ ನಾನು ಇದರಲ್ಲೇ ಎರಡು ವಾರ ಕಳೆದೆ. 30 ಡಿಗ್ರಿಯ ಪೂರ್ತಿ ತೇವದ ಗಾಳಿಯಲ್ಲಿ ನೀರಾವಿಯೇ ಸುಮಾರು ಶೇ. 4ರಷ್ಟು ಜಾಗ ಹಿಡಿಯುತ್ತದೆ, ಹಾಗಾಗಿ ಸೆನ್ಸರ್‌ನ ಅಳತೆ ಹೊಂದಿಸುವಾಗ ಆಮ್ಲಜನಕ ಒಣ ಗಾಳಿಯ ಶೇ. 20.9 ಅಲ್ಲ, 20ರ ಆಸುಪಾಸು ಅಂತ ಹಿಡಿಯಿರಿ. ಆಮ್ಲಜನಕವೇ ಇಲ್ಲದ ಸೊನ್ನೆ ಗುರುತಿಗೆ, ಆಮ್ಲಜನಕವನ್ನು ಹೀರಿಬಿಡುವ ಸೋಡಿಯಂ ಸಲ್ಫೈಟ್ ದ್ರಾವಣ ಸಾಕು. ಉಷ್ಣಾಂಶವನ್ನು ಹಾಳೆಯ ಪಕ್ಕದಲ್ಲೇ ಅಳೆಯಿರಿ.