ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ನಮಸ್ಕಾರ. ಬಾಗೇಪಲ್ಲಿ ಹತ್ತಿರದ ನಿಮ್ಮ ಬಾವಿ ಆರಡಿ ಅಗಲ, ನೀರು ಹತ್ತಡಿ ಇದೆ, ಪಕ್ಕದ ಮನೆಯವರು ಒಂದು ಕೆಜಿ ಬ್ಲೀಚಿಂಗ್ ಪೌಡರ್ ಹಾಗೇ ಸುರಿಯಿರಿ ಅಂದಿದ್ದಾರೆ, ಸರೀನಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ, ತುಂಬಾ ಜಾಸ್ತಿ ಆಗುತ್ತದೆ.

ನಿಮ್ಮಲ್ಲಿ ಸುಮಾರು 8,000 ಲೀಟರ್ ನೀರಿದೆ. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 20 ಗ್ರಾಂ ಸಾಕು. ಪೌಡರ್ ಹೊಸದಿರಲಿ, ತೆರೆದಿಟ್ಟ ಪೊಟ್ಟಣದಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ನೀರು ಕೆಂಪಗೆ ಕದಡಿದ್ದರೆ ಮೊದಲು ಪಂಪ್ ಹಾಕಿ ಖಾಲಿ ಮಾಡಿಸಿ, ಹೊಸ ನೀರು ಊರಿದ ಮೇಲೆ ಹಾಕಿ.

ಪ್ಲಾಸ್ಟಿಕ್ ಬಕೆಟ್‌ನಲ್ಲಿ ಪೌಡರಿಗೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ ದೋಸೆ ಹಿಟ್ಟಿನ ಹಾಗೆ ಕಲಸಿ. ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ತಿರುಗಿಸಿ, ಹತ್ತು ನಿಮಿಷ ಬಿಡಿ. ಬಿಳಿ ಸುಣ್ಣ ತಳಕ್ಕೆ ಇಳಿಯುತ್ತದೆ. ಅದು ಬಾವಿಗೆ ಬಿದ್ದರೆ ನೀರು ಇನ್ನೂ ಗಡಸಾಗುತ್ತದೆ. ಮೇಲಿನ ತಿಳಿ ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ನೀರೊಳಗೆ ಇಳಿಸಿ, ಮೇಲೆ ಕೆಳಗೆ ಜೋರಾಗಿ ಆಡಿಸಿ. ಕನಿಷ್ಠ ಒಂದು ಗಂಟೆ ಯಾರೂ ನೀರು ಸೇದಬಾರದು. ರಾತ್ರಿ ಹಾಕಿದರೆ ಒಳ್ಳೆಯದು.

ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರವೂ ತರಬೇಡಿ, ಎರಡೂ ಸೇರಿದರೆ ವಿಷದ ಗ್ಯಾಸ್ ಬರುತ್ತದೆ.

ನಮ್ಮ ಕಡೆ ಫ್ಲೋರೈಡ್ ಕಾಟವೂ ಇದೆ ಅಲ್ವಾ, ಅದು ಬ್ಲೀಚಿಂಗ್‌ನಿಂದ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಕುಡಿಯುವ ನೀರನ್ನು ಒಮ್ಮೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ.