ಎರಡೇ ಗೆಲುವು, ಆದರೂ ಹಾಲ್ ಆಫ್ ಫೇಮ್ ಯಾಕೆ?

ಪ್ರಶ್ನೆ: ಸರ್, ಈಚೆಗೆ ಟಿವಿಯಲ್ಲಿ ಗಾಲ್ಫ್ ನೋಡುವ ಅಭ್ಯಾಸ ಆಗಿದೆ. ಟೈಗರ್ ವುಡ್ಸ್ ತಮ್ಮ ಮಗನಿಗೆ ಚಾರ್ಲಿ ಅಂತ ಹೆಸರಿಟ್ಟಿದ್ದು ಚಾರ್ಲಿ ಸಿಫರ್ಡ್ ಎಂಬ ಹಳೇ ಆಟಗಾರನ ನೆನಪಿಗೆ ಅಂತ ಗೊತ್ತಾಯಿತು. ದಾಖಲೆ ತೆಗೆದು ನೋಡಿದರೆ ಪಿಜಿಎ ಟೂರ್‌ನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಗಾಲ್ಫ್ ಟೂರ್ನಿಗಳ ಸರಣಿಯಲ್ಲಿ, ಅವರು ಗೆದ್ದಿದ್ದು ಎರಡೇ ಟೂರ್ನಿ. ಮೇಜರ್ ಅನ್ನುವ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಒಂದೂ ಇಲ್ಲ. ಆದರೂ ವಿಶ್ವ ಗಾಲ್ಫ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಇದು ಆಟಕ್ಕೆ ಸಿಕ್ಕ ಗೌರವವೋ, ಪಾಪ ಕಷ್ಟಪಟ್ಟರು ಅಂತ ಕೊಟ್ಟಿದ್ದೋ?
– ಓದುಗರೊಬ್ಬರು, ಮೈಸೂರು

ಉತ್ತರ: ಆಟಕ್ಕೇ ಸಿಕ್ಕ ಗೌರವ. ಆದರೆ ನೀವು ನೋಡಿದ ದಾಖಲೆಯ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು. ಅದು ವಯಸ್ಸಿನ ಲೆಕ್ಕ.

ಸಿಫರ್ಡ್ ಕಪ್ಪು ಜನಾಂಗದವರು. ಹುಟ್ಟಿದ್ದು 1922ರಲ್ಲಿ, ಉತ್ತರ ಕೆರೊಲಿನಾದ ಷಾರ್ಲಟ್‌ನಲ್ಲಿ. ಅಮೆರಿಕದ ವೃತ್ತಿಪರ ಗಾಲ್ಫರ್‌ಗಳ ಸಂಘವಾದ ಪಿಜಿಎ, ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ನಿಯಮವನ್ನು 1934ರಲ್ಲಿ ಬರೆದುಕೊಂಡಿತು. ಅದನ್ನು ತೆಗೆದುಹಾಕಿದ್ದು 1961ರ ನವೆಂಬರಿನಲ್ಲಿ. ಆಗ ಸಿಫರ್ಡ್ ಅವರಿಗೆ 39 ವರ್ಷ. ಗಾಲ್ಫರ್ ಒಬ್ಬರು ಚೆನ್ನಾಗಿ ಆಡುವ ವರ್ಷಗಳೆಲ್ಲ ಆ ನಿಯಮದ ಬಾಯಿಗೆ ಹೋಗಿದ್ದವು. ನೀವು ಹೇಳುವ ಎರಡು ಗೆಲುವು ಬಂದಿದ್ದು 45 ಮತ್ತು 46ನೇ ವಯಸ್ಸಿನಲ್ಲಿ.

ಅವರು ಆಟ ಕಲಿತಿದ್ದು ಕ್ಯಾಡಿಯಾಗಿ, ಅಂದರೆ ಬೇರೆಯವರ ಕ್ಲಬ್ ಚೀಲ ಹೊತ್ತು. ದಿನಕ್ಕೆ 60 ಸೆಂಟ್ ಕೂಲಿ. 50 ಸೆಂಟ್ ಅಮ್ಮನಿಗೆ, ಉಳಿದ 10 ಸೆಂಟ್ ಸಿಗಾರ್‌ಗೆ. ಕೊನೆವರೆಗೂ ಅವರ ಫೋಟೊಗಳಲ್ಲಿ ಬಾಯಲ್ಲಿ ಸಿಗಾರ್ ಇದ್ದೇ ಇರುತ್ತದೆ. ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕ್ಯಾಡಿಯಾಗಿ ಶುರು ಮಾಡಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದವರು. ಚೀಲ ಹೊರುವ ಹುಡುಗನ ಕಣ್ಣಿಗೆ ಬೀಳುವಷ್ಟು ಆಟ ಬೇರೆ ಯಾರಿಗೂ ಕಾಣುವುದಿಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

1948ರಲ್ಲಿ ಸಿಫರ್ಡ್ ವೃತ್ತಿಪರರಾದರು. ಪಿಜಿಎ ಸೇರಿಸಿಕೊಳ್ಳುವುದಿಲ್ಲ, ಹೊಟ್ಟೆಪಾಡು ನಡೆಯಬೇಕಲ್ಲ? ಗಾಯಕ ಬಿಲ್ಲಿ ಎಕ್‌ಸ್ಟೈನ್ ಅವರಿಗೆ ಗಾಲ್ಫ್ ಹೇಳಿಕೊಡುತ್ತಾ, ಅವರ ಕಾರು ಓಡಿಸುತ್ತಾ ವರ್ಷಗಟ್ಟಲೆ ಕಳೆದರು. ಕಪ್ಪು ಜನಾಂಗದ ಆಟಗಾರರು ತಾವೇ ನಡೆಸಿಕೊಳ್ಳುತ್ತಿದ್ದ ರಾಷ್ಟ್ರೀಯ ಟೂರ್ನಿ ಒಂದಿತ್ತು. ಅದನ್ನು ಸಿಫರ್ಡ್ ಆರು ಸಲ ಗೆದ್ದರು. ಅದರಲ್ಲಿ 1952ರಿಂದ 1956ರವರೆಗೆ ಸತತ ಐದು ಸಲ. ಪಿಜಿಎ ಟೂರ್‌ನ ಪಟ್ಟಿಯಲ್ಲಿ ಇದರ ಸುಳಿವೂ ಸಿಗದು. ನೀವು ನೋಡಿದ ಪಟ್ಟಿಯಲ್ಲೂ ಇರಲಿಲ್ಲ, ಅಲ್ವಾ?

1952ರ ಫೀನಿಕ್ಸ್ ಓಪನ್‌ನಲ್ಲಿ ಸಿಫರ್ಡ್ ಮತ್ತು ಬಾಕ್ಸಿಂಗ್ ಚಾಂಪಿಯನ್ ಜೋ ಲೂಯಿ ಸೇರಿದಂತೆ ಕಪ್ಪು ಜನಾಂಗದವರಿಗೆ ಆಡುವ ಅವಕಾಶ ಸಿಕ್ಕಿತು. ಎಲ್ಲರಿಗಿಂತ ಮೊದಲು ಅವರ ಗುಂಪನ್ನೇ ಬಿಟ್ಟರು. ಮೊದಲ ಹೋಲ್‌ನಲ್ಲಿ ಗುಳಿಗೆ ಕೈ ಹಾಕಲು ಹೋದರೆ ಒಳಗೆ ಕೂರಿಸಿದ ಕಪ್‌ನಲ್ಲಿ ಮನುಷ್ಯರ ಮಲ. ಯಾರೋ ಬೇಕಂತಲೇ ತುಂಬಿಸಿದ್ದರು. ಬೇರೆ ಕಪ್ ತಂದು ಕೂರಿಸುವವರೆಗೆ ಸುಮಾರು ಒಂದು ಗಂಟೆ ಆ ಗ್ರೀನ್ ಮೇಲೆ, ಅಂದರೆ ಗುಳಿಯ ಸುತ್ತಲಿನ ಹುಲ್ಲಿನ ಮೇಲೆ, ಕಾದು ನಿಂತರು. ಆಮೇಲೆ ಆಟ ಮುಂದುವರಿಸಿದರು. ಇದನ್ನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಆ ಒಂದು ಗಂಟೆಯ ಮೇಲೇ ನಿಲ್ಲುತ್ತದೆ. ಗಾಲ್ಫ್‌ನಲ್ಲಿ ಎರಡು ನಿಮಿಷ ತಲೆ ಕೆಟ್ಟರೂ ಸ್ಕೋರ್ ಹಾಳಾಗುತ್ತದೆ.

1961ರ ಏಪ್ರಿಲ್‌ನಲ್ಲಿ ಗ್ರೀನ್ಸ್‌ಬರೊ ಟೂರ್ನಿಯಲ್ಲಿ ಆಡಿದರು. ಅವರದೇ ತವರು ರಾಜ್ಯ. ವರ್ಣಭೇದ ಬಿಗಿಯಾಗಿದ್ದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಪಿಜಿಎ ಟೂರ್ ಟೂರ್ನಿ ಆಡಿದ ಮೊದಲ ಕಪ್ಪು ಆಟಗಾರ ಅವರೇ. ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಇದ್ದವರೇ ಮುಂದೆ; ಮೊದಲ ದಿನ 68 ಹೊಡೆತಗಳಲ್ಲಿ ಮುಗಿಸಿ ಮುಂದಿದ್ದರು. ಫೋನಿನಲ್ಲಿ ಕೊಲೆ ಬೆದರಿಕೆ ಬಂತು. ಮರುದಿನ ಒಂದು ಗುಂಪು ಹೋಲ್‌ನಿಂದ ಹೋಲ್‌ಗೆ ಹಿಂದೆಯೇ ಬಂತು. ಬಾಯಿಗೆ ಬಂದಂತೆ ಬೈಯುವುದು, ಸ್ವಿಂಗ್‌ಗೆ ಕ್ಲಬ್ ಎತ್ತಿದಾಗಲೇ ಕೂಗುವುದು. ಇಷ್ಟಾಗಿಯೂ ಸಿಫರ್ಡ್ ನಾಲ್ಕನೇ ಸ್ಥಾನದಲ್ಲಿ ಮುಗಿಸಿದರು. ನನ್ನ ಕೇಳಿದರೆ ಅವರ ಅತ್ಯುತ್ತಮ ಆಟ ಇದೇ, ಕಪ್ ಸಿಗದಿದ್ದರೂ.

ಬಿಳಿಯರಿಗೆ ಮಾತ್ರ ಎಂಬ ನಿಯಮ ತಾನಾಗಿಯೇ ಹೋಗಲಿಲ್ಲ. ಬಿಲ್ ಸ್ಪಿಲ್ಲರ್, ಟೆಡ್ ರೋಡ್ಸ್ ಮೊದಲಾದ ಕಪ್ಪು ಆಟಗಾರರು 1948ರಲ್ಲೇ ಕೋರ್ಟಿಗೆ ಹೋಗಿದ್ದರು. ರಾಜಿಯಾಯಿತು. ಪಿಜಿಎ ತನ್ನ ಟೂರ್ನಿಗಳನ್ನು 'ಆಹ್ವಾನಿತರಿಗೆ ಮಾತ್ರ' ಅಂತ ಮಾಡಿಕೊಂಡು ಮತ್ತೆ ಅದೇ ದಾರಿ ಹಿಡಿಯಿತು. ಕೊನೆಗೆ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಸ್ಟ್ಯಾನ್ಲಿ ಮಾಸ್ಕ್, ಈ ನಿಯಮ ಇರುವವರೆಗೆ ನಮ್ಮ ರಾಜ್ಯದಲ್ಲಿ ಆಡಿಸಲು ಬಿಡೆವು ಅಂತ ಪಟ್ಟು ಹಿಡಿದಾಗ ಪಿಜಿಎ ಬಗ್ಗಿತು.

ಆಮೇಲೆ 1967ರಲ್ಲಿ ಗ್ರೇಟರ್ ಹಾರ್ಟ್‌ಫರ್ಡ್ ಓಪನ್. ಕೊನೇ ದಿನ 64 ಹೊಡೆತಗಳಲ್ಲಿ ಮುಗಿಸಿ ಒಂದೇ ಹೊಡೆತದ ಅಂತರದಿಂದ ಗೆದ್ದರು. 1969ರಲ್ಲಿ ಲಾಸ್ ಏಂಜಲೀಸ್ ಓಪನ್. ದಕ್ಷಿಣ ಆಫ್ರಿಕಾದ ಹೆರಾಲ್ಡ್ ಹೆನ್ನಿಂಗ್ ಅವರನ್ನು ಪ್ಲೇಆಫ್‌ನಲ್ಲಿ, ಅಂದರೆ ಸಮ ಆದಾಗ ಆಡಿಸುವ ಹೆಚ್ಚುವರಿ ಆಟದಲ್ಲಿ, ಸೋಲಿಸಿದರು. ಇಷ್ಟಾದರೂ ಮೇಜರ್‌ಗಳಲ್ಲಿ ಒಂದಾದ ಮಾಸ್ಟರ್ಸ್ ಟೂರ್ನಿಗೆ ಅವರಿಗೆ ಕರೆ ಬರಲೇ ಇಲ್ಲ. ಟೂರ್‌ನಲ್ಲಿ ಗೆದ್ದವರಿಗೆಲ್ಲ ಅಲ್ಲಿ ಜಾಗ ಎಂಬ ನಿಯಮ ಬಂದಿದ್ದು 1972ರಲ್ಲಿ. ಅದಕ್ಕೂ ಮುಂಚೆ ಹಳೇ ಚಾಂಪಿಯನ್‌ಗಳು ಮತ ಹಾಕಿ ಒಬ್ಬರನ್ನು ಕರೆಸಬಹುದಿತ್ತು. ಅವರೂ ಸಿಫರ್ಡ್ ಅವರನ್ನು ಆರಿಸಲಿಲ್ಲ. 1975ರಲ್ಲಿ ಲೀ ಎಲ್ಡರ್ ಅಲ್ಲಿ ಆಡಿದ ಮೊದಲ ಕಪ್ಪು ಆಟಗಾರರಾದರು. ಅದೇ ವರ್ಷ ಸಿಫರ್ಡ್ ಪಿಜಿಎ ಸೀನಿಯರ್ಸ್ ಚಾಂಪಿಯನ್‌ಶಿಪ್ ಗೆದ್ದರು. ಒಂದು ಕಾಲಕ್ಕೆ ಸದಸ್ಯತ್ವ ಕೊಡಲ್ಲ ಅಂದಿದ್ದ ಅದೇ ಸಂಘದ ಟೂರ್ನಿ ಅದು.

ಒಂದು ಸಣ್ಣ ತಿದ್ದುಪಡಿಯನ್ನೂ ಹೇಳಿಬಿಡುತ್ತೇನೆ. ಪಿಜಿಎ ಟೂರ್‌ನಲ್ಲಿ ಗೆದ್ದ ಮೊದಲ ಕಪ್ಪು ಆಟಗಾರ ಸಿಫರ್ಡ್ ಅಂತ ಕೆಲವು ಕಡೆ ಬರೆದಿರುತ್ತಾರೆ. ಅದು ಪೀಟ್ ಬ್ರೌನ್, 1964ರಲ್ಲಿ. ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಾತ್ರ ಸಿಫರ್ಡ್ ಅವರೇ, 2004ರಲ್ಲಿ. 2014ರಲ್ಲಿ ಸಿಫರ್ಡ್ ಅವರಿಗೆ ಅಧ್ಯಕ್ಷ ಒಬಾಮ ಅಮೆರಿಕದ ಅತ್ಯುನ್ನತ ನಾಗರಿಕ ಪದಕ ಕೊಟ್ಟರು. ಮೂರು ತಿಂಗಳೊಳಗೆ, 2015ರ ಫೆಬ್ರುವರಿ 3ರಂದು, 92ನೇ ವಯಸ್ಸಿನಲ್ಲಿ ಸಿಫರ್ಡ್ ತೀರಿಕೊಂಡರು.

ಟಿವಿ ನೋಡುವ ಅಭ್ಯಾಸ ಇದೆ ಅಂದಿರಲ್ಲ, ಫೆಬ್ರುವರಿಯಲ್ಲಿ ಜೆನೆಸಿಸ್ ಇನ್ವಿಟೇಶನಲ್ ಬಂದರೆ ಆಟಗಾರರ ಪಟ್ಟಿ ನೋಡಿ. ಸಿಫರ್ಡ್ 1969ರಲ್ಲಿ ಗೆದ್ದ ಲಾಸ್ ಏಂಜಲೀಸ್ ಓಪನ್ನೇ ಈಗ ಆ ಹೆಸರಿನಲ್ಲಿ ನಡೆಯುತ್ತಿದೆ. ಅದರ ಆತಿಥೇಯರು ಟೈಗರ್ ವುಡ್ಸ್. ಗಾಲ್ಫ್‌ನಲ್ಲಿ ಕಡಿಮೆ ಕಾಣಿಸುವ ಸಮುದಾಯದ ಒಬ್ಬ ಆಟಗಾರನಿಗೆ ಅಲ್ಲಿ ಪ್ರತಿವರ್ಷ ಒಂದು ಜಾಗ ಮೀಸಲು. ಆ ಜಾಗಕ್ಕೆ ಇಟ್ಟಿರುವುದು ಚಾರ್ಲಿ ಸಿಫರ್ಡ್ ಹೆಸರನ್ನೇ.